ಆಯೇರಿ ಯಾರಿಗೆ ಬಂತು

"ನೂರಕ್ಕ ಎಪ್ಪತ್ತೆಂಟು ರೂಪಾಯಿ ರೀ ಕಾಕಾ," ಎಂದು ಮುನವ್ವರಾ ಕ್ಯಾಲ್ಕುಲೇಟರನ್ನು ಬಸವಣ್ಣೆಪ್ಪನ ಕಡೆ ತಿರುಗಿಸಿದಳು.

ಬಸವಣ್ಣೆಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಆರು ಲಕ್ಷ ನಲವತ್ತು ಸಾವಿರಕ್ಕೆ ತೆರಿಗೆ ಸುಮಾರು ಐದು ಲಕ್ಷ. ಜೊತೆಗೆ ಬಂದಿದ್ದ ಸೊಸೆ ಶೀಲಾ ಮಾವನ ಮುಖವನ್ನೇ ನೋಡುತ್ತಿದ್ದಳು. ಬೈಗುಳ ಬರಬಹುದೆಂದು ಅವಳ ಅಂದಾಜು. ಬಂದದ್ದು ನಗು. ಹೊಟ್ಟೆ ಕುಣಿದು, ಹೆಗಲ ಮೇಲಿನ ಟವೆಲು ಜಾರಿ, ಕೊನೆಗೆ ಕೆಮ್ಮು ಹತ್ತುವವರೆಗೆ ಅವನು ನಕ್ಕ.

"ಪೊಲೀಸರ ಅಗ್ಗ ಬಿಡವಾ. ಅವ್ರು ನೂರಕ್ಕ ಅರವತ್ತೇಳು ತಗೊಂಡು ಸುಮ್ನ ಹ್ವಾದ್ರು."

ಮುನವ್ವರಾ ಸವಣೂರಿನ ವ್ಯಾಪಾರಿಗಳ ತೆರಿಗೆ ಕೆಲಸ ನೋಡುವವಳು. ಅವಳ ಕಚೇರಿ ಮಾಳಿಗೆಯ ಮೇಲೆ, ಕೆಳಗೆ ಸವಣೂರು ಖಾರ ಕರಿದು ಮಾರುವ ತಿಂಡಿ ಅಂಗಡಿ. ಎಣ್ಣೆಯಲ್ಲಿ ಕರಿದ ಬೆಳ್ಳುಳ್ಳಿಯ ವಾಸನೆ ಮೆಟ್ಟಿಲು ಹತ್ತಿ ಬಂದು ಅವಳ ಕಡತಗಳಲ್ಲೆಲ್ಲ ಸೇರಿಕೊಂಡಿತ್ತು. ತೆರಿಗೆ ಎಂದರೆ ಈ ಊರಿನ ಅರ್ಧ ಮಂದಿಗೆ ಬಾಯಲ್ಲಿ ನೀರು ಬರುವುದು ಅದಕ್ಕೇ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

"ಕಳುವಾದ ರೊಕ್ಕಕ್ಕ ನಾ ಯಾಕ ತೆರಿಗಿ ಕಟ್ಟಲಿ? ಕದ್ದವ್ರು ಕಟ್ಟಲಿ," ಎಂದ ಬಸವಣ್ಣೆಪ್ಪ.

"ಅವ್ರೂ ಕಟ್ಟಬೇಕ್ರಿ. ಕದ್ದದ್ದೂ ಆದಾಯನ."

"ಅಂದ್ರ ಒಂದ ರೊಕ್ಕಕ್ಕ ಎರಡ ಸಲ ತೆರಿಗಿ?"

"ಅವ್ರ ಕಡಿಂದ ಇನ್ನೊಬ್ಬಂವ ಕದ್ರ ಮೂರನೇ ಸಲ. ನಗಬ್ಯಾಡ್ರಿ ಕಾಕಾ, ನೋಟಿಸು ನಿಮ್ಮ ಹೆಸರಿಗೆ ಬಂದೈತಿ. ಆರು ನಲವತ್ತು ಇತ್ತು ಅಂತ ಬರಕೊಟ್ಟವ್ರು ನೀವ. ಎಲ್ಲಿಂದ ಬಂತು ಅಂತ ಅವ್ರು ಕೇಳ್ತಾರ."

ಎರಡು ವರ್ಷದ ಹಿಂದೆ, ಮಗ ಶಂಭುಲಿಂಗನಿಗೂ ಶೀಲಾಳಿಗೂ ಮದುವೆಯಾದ ಮಾರನೆಯ ದಿನ, ಕ್ರಿಕೆಟ್ ಬೆಟ್ಟಿಂಗ್ ನಡೆಸುವವನೊಬ್ಬನನ್ನು ಹುಡುಕಿಕೊಂಡು ಪೊಲೀಸರ ತಂಡವೊಂದು ಓಣಿಗೆ ಬಂದಿತ್ತು. ಅವನ ಮನೆಗೆ ಬೀಗ. ಮಗ್ಗುಲಲ್ಲಿ ಮದುವೆ ಮನೆ, ಬಾಗಿಲು ತೆರೆದೇ ಇತ್ತು. ಅವನು ಇಲ್ಲಿ ಅಡಗಿರಬಹುದು ಎಂದು ಒಳಗೆ ಬಂದವರು ಮನುಷ್ಯನನ್ನು ಹುಡುಕುವುದು ಬಿಟ್ಟು ದೇವರ ಕೋಣೆಯ ಟ್ರಂಕು ತೆರೆದರು. ಅದರಲ್ಲಿ ಮದುವೆಗೆ ಬಂದವರು ಉಡುಗೊರೆಯಾಗಿ ಹಾಕಿದ ಆಯೇರಿ ಹಣವಿತ್ತು. ಜೂಜಿನ ಹಣವೆಂದು ಜಪ್ತಿಯಾಯಿತು. ಪಂಚನಾಮೆಯ ಕಾಗದದಲ್ಲಿ ಎರಡು ಲಕ್ಷ ಹತ್ತು ಸಾವಿರ ಎಂದು ಬರೆದರು. ಉಳಿದದ್ದು ಯಾವ ಕಾಗದದಲ್ಲೂ ಬರಲಿಲ್ಲ.

ಬಸವಣ್ಣೆಪ್ಪ ಬಿಡಲಿಲ್ಲ. ಮೇಲಿನ ಅಧಿಕಾರಿಗಳ ಮುಂದೆ ಹೋಗಿ, ಟ್ರಂಕಿನಲ್ಲಿ ಇದ್ದದ್ದು ಆರು ಲಕ್ಷ ನಲವತ್ತು ಸಾವಿರ ಎಂದು ದೂರು ಕೊಟ್ಟ. ವಿಚಾರಣೆಯಾಗಿ ಇಬ್ಬರು ಪೊಲೀಸರು ಅಮಾನತಾದರು. ಬೆಟ್ಟಿಂಗಿಗೂ ಈ ಮನೆಗೂ ಸಂಬಂಧವಿಲ್ಲ ಎಂದೂ ತೀರ್ಮಾನವಾಯಿತು. ಜಪ್ತಿಯಾದ ಹಣ ಮಾತ್ರ ಮೊಕದ್ದಮೆ ಮುಗಿಯುವವರೆಗೆ ಕೋರ್ಟಿನಲ್ಲೇ ಉಳಿಯಿತು. ಆದರೆ ದೂರು ಬರೆದುಕೊಳ್ಳುವಾಗ "ಯಾರ ಹಣ?" ಎಂದು ಕೇಳಿದ್ದಕ್ಕೆ ಅವನು "ನಂದು" ಎಂದಿದ್ದ. ಆ ಒಂದು ಮಾತು ಕಚೇರಿಯಿಂದ ಕಚೇರಿಗೆ ತಿರುಗಿ, ಈಗ ತೆರಿಗೆಯ ನೋಟಿಸಾಗಿ ಮನೆಗೆ ಬಂದಿತ್ತು.

"ಮದುವಿ ಆಯೇರಿ ಅಂತ ಅವತ್ತ ಯಾಕ ಹೇಳ್ಲಿಲ್ರಿ?" ಮುನವ್ವರಾ ಕೇಳಿದಳು.

"ಹೇಳಿದ್ರ ನಾಕ ತಾಲೂಕಿನ ಮಂದಿ ಏನಂತಿದ್ರು? ನಾವು ಹರಸಿ ಹಾಕಿದ್ದು ಪೊಲೀಸರು ಉಂಡ್ರು ಅಂತಿದ್ರು. ಮತ್ತ ನಾ ಹೇಳಿದ್ದು ಸುಳ್ಳರ ಏನೈತಿ? ಮೂವತ್ತ ವರ್ಷ ನಾ ಊರೂರಿನ ಮದುವ್ಯಾಗ ಹಾಕಿದ್ದು ತಿರುಗಿ ಬಂದೈತಿ. ಅದು ನಂದ."

"ಕಾಯ್ದೆ ಹಂಗ ಅನ್ನಂಗಿಲ್ರಿ. ಮದುವ್ಯಾಗ ಬಂದ ಉಡುಗೊರಿಗೆ ತೆರಿಗಿ ಇಲ್ಲ, ಖರೇ. ಆದ್ರ ಯಾರ ಮದುವಿನೋ ಅವ್ರಿಗೆ ಬಂದಿರಬೇಕು. ಮದುಮಗನ ಅಪ್ಪಗ ಬಂತು ಅಂದ್ರ ತೆರಿಗಿ ಬಂತು. ಹತ್ತು ದಿನಕ್ಕ ವಿಚಾರಣಿ ಐತಿ. ಆ ರೊಕ್ಕ ನಂದಲ್ಲ, ಮಗಾ ಸೊಸಿದು ಅಂತ ನೀವು ಅಲ್ಲಿ ಹೇಳಿಬಿಡ್ರಿ. ಒಂದ ಮಾತು."

ಬಸವಣ್ಣೆಪ್ಪ ಎದ್ದು ನಿಂತು ಟವೆಲು ಹೆಗಲಿಗೆ ಹಾಕಿಕೊಂಡ. "ಕದ್ದವ್ರ ಮ್ಯಾಲೆ ದೂರ ಕೊಟ್ಟಾಂವ ನಾನು. ಸುಳ್ಳ ಹೇಳಿ ಬರಲೇನು?"

ಕೆಳಗಿಳಿದು ಅರ್ಧ ಕಿಲೋ ಖಾರ ಕಟ್ಟಿಸಿಕೊಂಡ. ಮನೆ ಮುಟ್ಟುವವರೆಗೂ ಮಾವ ಸೊಸೆ ಇಬ್ಬರೂ ಅದನ್ನು ಮೆಲ್ಲುತ್ತ ನಡೆದರು. ಮಾತಾಡಲಿಲ್ಲ.

ಮಾತಾಡದೆ ಇರುವುದು ಆ ಮನೆಗೆ ರೂಢಿಯಾಗಿಬಿಟ್ಟಿತ್ತು, ಈ ಒಂದು ವಿಷಯದಲ್ಲಿ ಮಾತ್ರ. ಉಳಿದಂತೆ ಅದು ಗದ್ದಲದ ಮನೆ. ಬಸವಣ್ಣೆಪ್ಪ ಹಾನಗಲ್ಲಿನ ಕಡೆ ಮಾವಿನ ತೋಟಗಳನ್ನು ಹೂವಿದ್ದಾಗಲೇ ಗುತ್ತಿಗೆ ಹಿಡಿಯುವ ವ್ಯಾಪಾರಿ. ಹಣ್ಣಿನ ದಿನಗಳಲ್ಲಿ ಪಡಸಾಲೆ, ಅಟ್ಟ, ಮಂಚದ ಕೆಳಗೆ ಎಲ್ಲೆಲ್ಲೂ ಹುಲ್ಲು, ಹುಲ್ಲಿನ ಮೇಲೆ ಆಪೂಸು. ಬರುವವರು, ಹೋಗುವವರು, ಚೌಕಾಸಿ, ಚಹಾ. ಆದರೆ ಟ್ರಂಕಿನ ಮಾತು ಬಂದರೆ ಎಲ್ಲರೂ ಕೈಯಲ್ಲಿದ್ದ ಕೆಲಸವನ್ನು ಇನ್ನಷ್ಟು ಗಮನವಿಟ್ಟು ಮಾಡುತ್ತಿದ್ದರು. ಶೀಲಾ ಆ ಮೌನದೊಳಗೇ ಸೊಸೆಯಾಗಿ ಬಂದವಳು. ಯಾರೂ ಅವಳನ್ನು ಒಂದು ಮಾತು ಅಂದಿರಲಿಲ್ಲ. ಆದರೂ ಕೈಯ ಹಸಿರು ಬಳೆ ಹಳತಾಗುವ ಮೊದಲೇ ಕೇಳಿದ ಆ ಟ್ರಂಕಿನ ಮುಚ್ಚಳದ ಸದ್ದು ಅವಳ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಇನ್ನೊಂದೂ ಉಳಿದಿತ್ತು. ಮದುವೆಯ ದಿನ ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಸಂಜೆಯವರೆಗೆ ಅವಳು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಶಿಗ್ಗಾಂವಿಯ ಗುದ್ಲೆಪ್ಪ ಮೈಕು ಹಿಡಿದು ಆಯೇರಿ ಕೂಗುತ್ತಿದ್ದ. ಹಾಕಿದವರ ಊರು, ಹೆಸರು, ಎಷ್ಟು ರೂಪಾಯಿ ಎಂಬುದು ಇಡೀ ಮಂಟಪಕ್ಕೆ ಕೇಳಬೇಕು. ನಾಳೆ ಅವರ ಮನೆಯ ಮದುವೆಯಲ್ಲಿ ಅದಕ್ಕಿಂತ ತುಸು ಹೆಚ್ಚು ಹಾಕಿ ಮುಯ್ಯಿ ತೀರಿಸಬೇಕು. ಹಂಸಭಾವಿ, ಮಾಸೂರು, ಬಂಕಾಪುರ, ಅಕ್ಕಿಆಲೂರು ಎಂದು ಊರುಗಳು ಒಂದರ ಹಿಂದೊಂದು ಬಂದವು. ಬೆನ್ನು ನೋಯುತ್ತಿದ್ದರೂ, ಕುಳಿತಲ್ಲೇ ತನ್ನ ಹೊಸ ಮನೆಯ ಸೀಮೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಂತೆ ಅವಳಿಗೆ ಅನ್ನಿಸಿತ್ತು.

ಮುನವ್ವರಾಳ ಕಚೇರಿಗೆ ಹೋಗಿಬಂದ ಸಂಜೆ ಮನೆಯಲ್ಲಿ ಮಾವಿನಕಾಯಿ ಆರಿಸುತ್ತ ಕುಳಿತಾಗ ಅತ್ತೆ ಫಕ್ಕೀರವ್ವ ಸುಮ್ಮನಿರಲಿಲ್ಲ.

"ಒಂದ ಮಾತಿಗೆ ಐದ ಲಕ್ಷ ಉಳೀತಾವ ಅಂದ್ರ ನಾ ದಿನಾ ಮುಂಜಾನೆದ್ದು ಹೇಳ್ತೇನಿ."

"ನೀ ಬಿಡು, ಪುಕ್ಕಟೇನೂ ಹೇಳ್ತಿ," ಎಂದ ಬಸವಣ್ಣೆಪ್ಪ.

"ಮತ್ತ ಮಗಾ ಹೊಡಿಯೋ ಗಾಡಿ ಮಾರ್ತೀರೇನು? ಮುಂದಿನ ವರ್ಷ ತೋಟದವ್ರಿಗೆ ಮುಂಗಡ ಎಲ್ಲಿಂದ ಕೊಡ್ತೀರಿ? ಮಾವಿನ ಗಿಡದ ಕೆಳಗ ಕುಂತು ಹೂವು ಎಣಸ್ತೀರೇನು?"

ಅವನು ಒಂದು ಕಾಯಿಯನ್ನು ಮೂಗಿನ ಹತ್ತಿರ ಹಿಡಿದು, ಪಕ್ಕಕ್ಕಿಟ್ಟು, ಮತ್ತೆ ಅದನ್ನೇ ಎತ್ತಿಕೊಂಡ. ಅವನು ಲೆಕ್ಕ ಮಾಡುತ್ತಿದ್ದಾನೆಂದು ಶೀಲಾಳಿಗೆ ತಿಳಿಯಿತು. ಗಾಡಿ ಹೋದರೆ ಶಂಭುಲಿಂಗ ಬೇರೆಯವರ ಗಾಡಿ ಹೊಡೆಯಬೇಕು. ತೋಟಗಳು ಹೋದರೆ ಮಾವ ಬೇರೆಯವರ ತೋಟ ಕಾಯಬೇಕು.

"ಮಾವಾರ, ಸುಳ್ಳ ಹೇಳಬ್ಯಾಡ್ರಿ," ಎಂದಳು.

"ಹೇಳಂಗಿಲ್ಲವಾ."

"ಖರೇ ಮಾಡಿ ಹೇಳ್ರಿ."

ಬಸವಣ್ಣೆಪ್ಪ ತಲೆ ಎತ್ತಿದ.

"ಆ ಆಯೇರಿ ನಮಗ ಕೊಟ್ಟುಬಿಡ್ರಿ. ಬಾಯಿಮಾತಿಗೆ ಅಲ್ಲ, ಖರೇನ. ಆಯೇರಿ ನಂದು ಅಂದ ಮ್ಯಾಲೆ ಮುಯ್ಯಿನೂ ನಂದು. ನಿಮಗ ಹಾಕಿದವ್ರ ಮನಿ ಮದುವಿಗೆ ಇನ್ನ ನಾ ಹೋಗಿ ಹಾಕ್ತೇನಿ. ನಮ್ಮ ಹೆಸರು ಕೂಗಲಿ."

"ಶಂಭುಲಿಂಗನ ಹೆಸರು."

"ಅವ್ರು ವಾರದಾಗ ನಾಕ ದಿನ ಗಾಡಿ ಮ್ಯಾಲ ಇರ್ತಾರ. ಹೋಗಾಕಿ ನಾ, ಹಾಕಾಕಿ ನಾ. ಹೆಸರೂ ನಂದು."

ಫಕ್ಕೀರವ್ವ ನಗುತ್ತ ಹುಲ್ಲಿನ ಮೇಲೆ ಕೈಯೂರಿದಳು. "ಹೆಣ್ಮಕ್ಕಳ ಹೆಸರು ಯಾರ ಮೈಕಿನ್ಯಾಗ ಕೂಗ್ಯಾರ? ನನ್ನ ಕೈಯಾಗ ಎಷ್ಟ ಮದುವ್ಯಾಗ ಕುಬಸದ ಖಣಾ ಕೊಡಿಸ್ಯಾರ ಇವ್ರು. ಖಣಾ ಇಸ್ಕೊಂಡಾಕಿಗೂ ನನ್ನ ಹೆಸರು ಗೊತ್ತಿಲ್ಲ. ಬಸವಣ್ಣೆಪ್ಪನ ಹೇಣ್ತಿ ಅಂದ್ರ ಮುಗೀತು."

ಬಸವಣ್ಣೆಪ್ಪನ ಧ್ವನಿ ತಗ್ಗಿತು. "ಟ್ರಂಕ ಬರಿದಾಗೇತಿ, ಗೊತ್ತೈತಿಲ್ಲೋ? ಇಲ್ಲದ ರೊಕ್ಕ ತಗೊಂಡು ಇರೋ ಮುಯ್ಯಿ ಹೊತ್ಕೋತಿ?"

"ಖಾನಾವಳಿಗೆ ದಿನಾ ರೊಟ್ಟಿ ಬಡದು ಕೊಡ್ತೇನಲ್ರಿ. ಒಂದೊಂದ ಮದುವಿ ಬಂದಂಗ ತೀರಸ್ತೇನಿ."

ಅವನು ಕೈಯಲ್ಲಿದ್ದ ಕಾಯಿಯನ್ನು ಅವಳಿಗೆ ಕೊಟ್ಟು, "ಇದನ್ನ ಆ ಕಡಿ ಇಡು, ನಾಳಿಗೆ ಹಣ್ಣಾಗತೈತಿ," ಎಂದ. ಅಷ್ಟೇ. ಅದು ಒಪ್ಪಿಗೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ವಿಚಾರಣೆಯ ದಿನ ಶಂಭುಲಿಂಗನೇ ತನ್ನ ಗಾಡಿಯಲ್ಲಿ ಎಲ್ಲರನ್ನೂ ಹಾವೇರಿಗೆ ಕರೆತಂದ. ಮುಂದೆ ಮುನವ್ವರಾ ಮತ್ತು ಶೀಲಾ, ಹಿಂದೆ ಖಾಲಿ ಬುಟ್ಟಿಗಳ ನಡುವೆ ಬಸವಣ್ಣೆಪ್ಪ. ದಾರಿಯುದ್ದಕ್ಕೂ ಅವನು ಟವೆಲಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದ. ಧೂಳಿಗೆಂದು ಶೀಲಾ ಅಂದುಕೊಂಡಳು.

ಅಧಿಕಾರಿ ಮಲ್ಲಿಕಾ ತುಮಕೂರಿನ ಕಡೆಯವರು, ಇಲ್ಲಿಗೆ ಬಂದು ವರ್ಷವಾಗಿರಲಿಲ್ಲ. ಆಯೇರಿ ಎಂಬುದನ್ನು ಮುನವ್ವರಾ ಎರಡು ಸಲ ವಿವರಿಸಬೇಕಾಯಿತು. ಆಮೇಲೆ ಮದುವೆಯ ವಿಡಿಯೋ ಹಾಕಿದಳು. ಕಂಪ್ಯೂಟರಿನಿಂದ ಗುದ್ಲೆಪ್ಪನ ಗಂಟಲು ಹೊರಟಿತು.

"ಮಾಸೂರಿನ ಉಳಿವೆಪ್ಪನವರಿಂದ ಐದು ಸಾವಿರದ ಒಂದು ರೂಪಾಯಿ. ಉಳಿವೆಪ್ಪನವರು ಊಟಾ ಮಾಡೇ ಹೋಗಬೇಕು, ಹ್ವಾದ ಸಲ ಹಂಗ ಹೋಗ್ಯಾರ, ನಮಗ ನೆನಪೈತಿ."

ಮಲ್ಲಿಕಾ ತುಟಿ ಬಿಗಿಹಿಡಿದರು. ಪಕ್ಕದ ಮೇಜಿನಲ್ಲಿ ಹೇಳಿಕೆ ಟೈಪು ಮಾಡಲು ಕುಳಿತಿದ್ದ ಗುಮಾಸ್ತ ರಾಜಕುಮಾರ ಕುರ್ಚಿಯನ್ನು ಮೆಲ್ಲನೆ ಇತ್ತ ಎಳೆದುಕೊಂಡ. ಬಾಗಿಲಲ್ಲಿ ಇನ್ನಿಬ್ಬರು ಬಂದು ನಿಂತರು. ಹೆಸರುಗಳು ಸುರಿಯುತ್ತಲೇ ಇದ್ದವು. ಯಾರೋ ಕೋಳೂರಿನವರು ಟ್ರಾಕ್ಟರಿನಲ್ಲಿ ಬಂದದ್ದನ್ನೂ, ಆ ಟ್ರಾಕ್ಟರು ಮಂಟಪದ ಬಾಗಿಲಿಗೆ ಅಡ್ಡ ನಿಂತದ್ದನ್ನೂ ಗುದ್ಲೆಪ್ಪ ಆಯೇರಿಯ ನಡುವೆಯೇ ಕೂಗಿ ಹೇಳಿದ್ದ.

"ಅಬಲೂರಿನ ನಿಂಗನಗೌಡರಿಂದ ಐವತ್ತೊಂದು ರೂಪಾಯಿ."

"ಐವತ್ತೊಂದಾ?" ರಾಜಕುಮಾರನ ಬಾಯಿಂದ ಹೊರಟೇಹೋಯಿತು. ಎಲ್ಲರೂ ಅವನ ಕಡೆ ತಿರುಗಿದರು. "ನಮ್ಮ ಸೋದರಮಾವ ರೀ ಮೇಡಂ. ಮನ್ಯಾಗ ಐದನೂರು ಹಾಕ್ಯೇನಿ ಅಂತ ಹೇಳ್ಯಾನ."

ಈಗ ಮಲ್ಲಿಕಾ ತಡೆಯಲಾರದೆ ನಕ್ಕುಬಿಟ್ಟರು. ಬಸವಣ್ಣೆಪ್ಪನೂ ನಕ್ಕ. "ಐವತ್ತೊಂದರೊಳಗ ನಾಕ ಮಂದಿ ಉಂಡ ಹೋಗ್ಯಾರ್ರಿ ನಿಮ್ಮ ಮಾವಾರು," ಎಂದ. ತೆರಿಗೆಯ ಆ ಕೋಣೆ ಸ್ವಲ್ಪ ಹೊತ್ತು ಮದುವೆ ಮನೆಯ ಹಾಗೇ ಆಯಿತು.

ಮಲ್ಲಿಕಾ ವಿಡಿಯೋ ನಿಲ್ಲಿಸಿದರು. ನಗು ಇನ್ನೂ ಮುಖದಲ್ಲಿತ್ತು, ಆದರೆ ಕಣ್ಣು ಪರದೆಯ ಮೇಲೆಯೇ ಇತ್ತು.

"ಹಣ ಮದುವೆಯಲ್ಲಿ ಬಂತು ಅನ್ನೋದು ಒಪ್ಪಿದೆ. ಆದರೆ ಪೊಲೀಸ್ ಹೇಳಿಕೆಯಲ್ಲಿ ನನ್ನ ಹಣ ಅಂತ ನೀವೇ ಹೇಳಿದೀರಿ. ಇಲ್ಲೂ ನೋಡಿ. ಈ ಕೈ ಯಾರದು?"

ನಿಂತ ಚಿತ್ರದಲ್ಲಿ ಬಾಸಿಂಗ ಕಟ್ಟಿಕೊಂಡ ಶೀಲಾ ಒಂದು ಲಕೋಟೆ ಹಿಡಿದಿದ್ದಳು. ಅವಳ ಕುರ್ಚಿಯ ಹಿಂದಿನಿಂದ ಅಗಲವಾದ ಒಂದು ಕೈ ಚಾಚಿಕೊಂಡಿತ್ತು. ಮಣಿಕಟ್ಟಿನಲ್ಲಿ ಹಳದಿ ಪಟ್ಟಿಯ ಗಡಿಯಾರ. ಅದೇ ಗಡಿಯಾರ ಕಟ್ಟಿದ ಬಸವಣ್ಣೆಪ್ಪನ ಕೈ ಈಗ ಮೇಜಿನ ಅಂಚಿನ ಮೇಲಿತ್ತು.

ಮುನವ್ವರಾ ಏನೋ ಹೇಳಲು ಹೊರಟು ನಿಲ್ಲಿಸಿದಳು. ಅವಳು ಹೇಳುವ ಮಾತಲ್ಲ ಅದು. ರಾಜಕುಮಾರನ ಬೆರಳುಗಳು ಕೀಲಿಗಳ ಮೇಲೆ ಕಾದಿದ್ದವು. ಹೊರಗೆ ಯಾರೋ ಬೈಕು ಚಾಲೂ ಮಾಡಲು ಹೆಣಗುತ್ತಿದ್ದರು. ಒದೆ, ಮತ್ತೆ ಒದೆ, ಆಮೇಲೆ ಏನೂ ಇಲ್ಲ. ಬಸವಣ್ಣೆಪ್ಪ ಪರದೆಯಲ್ಲಿದ್ದ ತನ್ನ ಕೈಯನ್ನು, ಪರಿಚಯವಿಲ್ಲದವರ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದ. ಶೀಲಾ ತನ್ನ ಸೆರಗಿನ ತುದಿಯನ್ನು ನೋಡುತ್ತಿದ್ದಳು. ಇಂಥ ಮೌನವನ್ನು ಅವಳು ಎರಡು ವರ್ಷದಿಂದ ಬಲ್ಲಳು. ಆದರೆ ಮನೆಯಲ್ಲಿ ಅದು ಮುಚ್ಚಿದ ಬಾಗಿಲಿನಂತಿತ್ತು. ಇಲ್ಲಿ ಅದರ ಅಗುಳಿಯ ಮೇಲೆ ಯಾರೋ ಕೈಯಿಟ್ಟಂತಿತ್ತು.

"ಕೈ ನಂದರಿ," ಎಂದ ಬಸವಣ್ಣೆಪ್ಪ.

ರಾಜಕುಮಾರ ಟೈಪು ಮಾಡಿದ.

"ರೊಕ್ಕ ಆಕಿದು. ಅವರಿಬ್ಬರದು. ಮೊದಲ ಯಾರ ಕೈಗೆ ಬಂದೈತಿ ನೋಡ್ರಿ ಅಲ್ಲೇ. ನಾ ಚೀಲಾ ಹಿಡದಾಂವ."

"ಹಾಗಾದರೆ ಪೊಲೀಸರ ಮುಂದೆ ನಂದು ಅಂದಿದ್ದು?"

"ಮನ್ಯಾಗ ಇದ್ದದ್ದೆಲ್ಲಾ ನಂದು ಅನ್ನೋ ರೂಢಿ ಬಿದ್ದೈತ್ರಿ ಮೇಡಂ. ನಮ್ಮಪ್ಪನೂ ಹಂಗ ಅಂತಿದ್ದ. ಮೊನ್ನೆ ಮಾವಿನಕಾಯಿ ಆರಸೋ ಹೊತ್ತಿಗೆ ಈಕಿ ಕೇಳಿದ್ಲು. ಅವತ್ತಿಂದ ನಿದ್ದಿ ಹತ್ತಿಲ್ಲ ನೋಡ್ರಿ. ವಿಚಾರ ಮಾಡಿದ್ರ ಆಕಿ ಅಂದದ್ದ ಖರೇ."

ಮಲ್ಲಿಕಾ ಶಂಭುಲಿಂಗನ ಕಡೆ ನೋಡಿದರು. "ನೀವೇನು ಹೇಳ್ತೀರಿ?"

"ನನಗ ಬಂದದ್ದು ಆಕಿಗೆ ಬಂದಂಗ್ರಿ. ಗಾಡಿ ಬಾಡಿಗಿನೂ ಆಕಿ ಕೈಯಾಗ ಕೊಡ್ತೇನಿ," ಎಂದ ಶಂಭುಲಿಂಗ. ಬಾಗಿಲಲ್ಲಿ ನಿಂತವರು ನಕ್ಕರು. ಅವನ ಕಿವಿ ಕೆಂಪಾಯಿತು.

"ಇನ್ನೊಂದು ಬರಕೊಳ್ರಿ," ಎಂದು ಬಸವಣ್ಣೆಪ್ಪ ರಾಜಕುಮಾರನ ಕಡೆ ತಿರುಗಿದ. "ಈ ಆಯೇರಿದು ಮುಯ್ಯಿ ತೀರಸಾಕಿನೂ ಆಕಿನ. ಆಕಿ ಹೆಸರಿಲೆ."

"ಅದು ಕಾಯ್ದೆಗೆ ಬೇಕಾಗಿಲ್ಲ," ಎಂದರು ಮಲ್ಲಿಕಾ.

"ನನಗ ಬೇಕ್ರಿ."

ಅವರು ರಾಜಕುಮಾರನಿಗೆ ತಲೆಯಾಡಿಸಿದರು. ಅದೂ ಟೈಪಾಯಿತು. ಹಾಳೆ ಹೊರಬಂದ ಮೇಲೆ ಬಸವಣ್ಣೆಪ್ಪ ನಿಧಾನವಾಗಿ ರುಜು ಹಾಕಿ ಪೆನ್ನನ್ನು ಸೊಸೆಗೆ ಕೊಟ್ಟ. ವಾಪಸು ಬರುವಾಗ ಅವನ ಮುಖದ ಮೇಲೆ ಟವೆಲಿರಲಿಲ್ಲ. ಬುಟ್ಟಿಗಳ ನಡುವೆ ಕುಳಿತು ಗಾಳಿಗೆ ಎದೆಯೊಡ್ಡಿ, ಗುದ್ಲೆಪ್ಪನ ಧ್ವನಿ ಮಾಡಿ, ದಾರಿಯಲ್ಲಿ ಸಿಕ್ಕ ಊರುಗಳ ಹೆಸರನ್ನೆಲ್ಲ ಕೂಗುತ್ತ ಬಂದ.

ತೆರಿಗೆ ಇಲ್ಲ ಎಂಬ ಆದೇಶ ಮಳೆಗಾಲದ ನಂತರ ಬಂತು. ಮುನವ್ವರಾ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಫಕ್ಕೀರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕದ್ದವರ ಮೇಲಿನ ಮೊಕದ್ದಮೆ ಇನ್ನೂ ನಡೆದಿತ್ತು. ಆದರೆ ಈಗ ಮನೆಯಲ್ಲಿ ಅದರ ಮಾತು ಬಂದರೆ ಯಾರೂ ತಲೆ ತಗ್ಗಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ಪೊಲೀಸರು ಆ ದಿನ ಟ್ರಂಕಿನ ಕೀಲಿಗಾಗಿ ಹುಡುಕಾಡಿ, ಕೀಲಿ ಹಾಕಿಯೇ ಇಲ್ಲವೆಂದು ಕೊನೆಗೆ ಕಂಡುಕೊಂಡದ್ದನ್ನು ಫಕ್ಕೀರವ್ವ ನಟಿಸಿ ತೋರಿಸುತ್ತಿದ್ದಳು.

ಮಾಗಿಯಲ್ಲಿ ಮಾಸೂರಿನ ಉಳಿವೆಪ್ಪನ ಮಗಳು ಸುನಿತಾಳ ಮದುವೆ ಬಂತು. ಮದಗದ ಕೆರೆಯ ನೀರು ಹರಿದ ಗದ್ದೆಗಳ ನಡುವಿನ ಬಯಲಿನಲ್ಲಿ ಪೆಂಡಾಲು. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸಿ ಬಟ್ಟೆಯ ಚಾವಣಿ ಉಬ್ಬುತ್ತಿತ್ತು. ಅಕ್ಕಿಕಾಳು ಬಿದ್ದವು. ಗುದ್ಲೆಪ್ಪ ಮೈಕಿಗೆ ಎರಡು ಸಲ ಊದಿ ಗಂಟಲು ಸರಿಮಾಡಿಕೊಂಡ.

ಶೀಲಾ ಲಕೋಟೆ ಹಿಡಿದು ಸಾಲಿನಲ್ಲಿ ನಿಂತಳು. ಅದರಲ್ಲಿ ಉಳಿವೆಪ್ಪ ಹಾಕಿದ್ದಕ್ಕಿಂತ ನೂರು ರೂಪಾಯಿ ಹೆಚ್ಚಿತ್ತು. ಒಂದು ತಿಂಗಳ ರೊಟ್ಟಿಯಲ್ಲಿ ಉಳಿಸಿದ್ದು. ಹಿಂದೆ ಮುಂದೆ ಎಲ್ಲ ಪಂಚೆ, ಪಾಯಿಜಾಮ, ಟೋಪಿ. "ಯವ್ವಾ, ಖಣಾ ಕೊಡೋರು ಆ ಕಡಿ," ಎಂದು ಒಬ್ಬ ಮುದುಕ ದಾರಿ ತೋರಿಸಿದ. "ಗೊತ್ತೈತ್ರಿ ಅಜ್ಜಾ, ಇದು ಆಯೇರಿ," ಎಂದು ಅವಳು ಸಾಲು ಬಿಡಲಿಲ್ಲ.

ಅವಳನ್ನು ಕಂಡ ಕೂಡಲೇ ಗುದ್ಲೆಪ್ಪ ರೂಢಿಯಂತೆ ಶುರುಮಾಡಿದ. "ಸವಣೂರಿನ ಬಸವಣ್ಣೆ..." ಅಲ್ಲಿಗೆ ನಿಲ್ಲಿಸಿದ. ಶೀಲಾ ಕೈ ಅಡ್ಡ ಮಾಡಿದ್ದಳು.

"ಯಾರ ಹೆಸರು ಕೂಗಲಿ ಮತ್ತ?" ಎಂದ, ಮೈಕು ಎದೆಗೊತ್ತಿ ಹಿಡಿದು.

"ಶೀಲಾ ಅಂತ ಕೂಗ್ರಿ."

"ಬರೇ ಶೀಲಾ?"

"ಸವಣೂರಿನ ಶೀಲಾ."

ಗುದ್ಲೆಪ್ಪ ಪೆಂಡಾಲಿನ ಆ ತುದಿಗೆ, ಊಟದ ಪಂಕ್ತಿಯ ಕಡೆ ನೋಡಿದ. ಅಲ್ಲಿ ಬಸವಣ್ಣೆಪ್ಪ ಎಲೆಯ ಮುಂದೆ ಕುಳಿತಿದ್ದ. ಅವನಿಗೆ ಗುದ್ಲೆಪ್ಪನ ನೋಟ ಕಂಡಿತ್ತು. ಕಂಡರೂ ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎಲೆಯ ಮೂಲೆಯ ಉಪ್ಪನ್ನು ಬೆರಳಿನಿಂದ ಅತ್ತ ಸರಿಸಿದ.

"ಸವಣೂರಿನ ಶೀಲಾ ಅವರಿಂದ," ಮೈಕಿನ ಧ್ವನಿ ಗದ್ದೆಗಳ ಮೇಲೆ ಹಾದು ಕೆರೆಯ ಏರಿಯವರೆಗೆ ಹೋಯಿತು, "ಮದುಮಗಳು ಸುನಿತಾಗೆ ಐದು ಸಾವಿರದ ನೂರಾ ಒಂದು ರೂಪಾಯಿ."

ಪಂಕ್ತಿಯಲ್ಲಿ ಹೆಂಗಸರ ಸಾಲಿನ ಕೆಲವು ತಲೆಗಳು ಮೇಲೆದ್ದವು. ಬಸವಣ್ಣೆಪ್ಪನ ಮುಂದೆ ಗೋಧಿ ಹುಗ್ಗಿಯವನು ಬಂದು ನಿಂತಿದ್ದ. ಸಾಕು ಎನ್ನಲು ಎತ್ತಿದ್ದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಬಡಿಸುವವನು ಅವನ ಮುಖ ನೋಡಿ, ಒಂದು ಸೌಟು ಹಾಕಿ, ಮತ್ತೊಂದು ಹಾಕಿದ. ಹಿಂದೆಯೇ ಬಂದವನು ಬಿಸಿ ತುಪ್ಪ ಬಿಟ್ಟ. ತುಪ್ಪ ಹುಗ್ಗಿಯಿಂದ ಇಳಿದು ಎಲೆಯ ಅಂಚಿನ ಕಡೆ ಹರಿಯತೊಡಗಿದಾಗ ಬಸವಣ್ಣೆಪ್ಪ ಕೈ ಇಳಿಸಿ, ಎಲೆಯ ತುದಿಯನ್ನು ಎರಡು ಬೆರಳಿನಿಂದ ಮೆಲ್ಲನೆ ಎತ್ತಿ ಹಿಡಿದ.